ಮೇಲುಕೋಟೆಯಲ್ಲಿ ಜನಿಸಿದ ಚಿತ್ರನಟಿ ಜೆ. ಜಯಲಲಿತಾ

ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯು ಶ್ರೀ ಚೆಲುವನಾರಾಯಣಸ್ವಾಮಿ ದೇವಾಲಯ ಹಾಗೂ ವೈರಮುಡಿ ಉತ್ಸವದಿಂದ ನಾಡಿನಾದ್ಯಂತ ಪ್ರಸಿದ್ಧವಾಗಿದೆ. ದಕ್ಷಿಣ ಭಾರತದ ಹೆಸರಾಂತ ಚಿತ್ರನಟಿ ಹಾಗೂ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜೆ. ಜಯಲಲಿತಾ ಅವರು 1948ರ ಫೆಬ್ರವರಿ 24ರಂದು ಜನಿಸಿದ್ದು ಇದೇ ಊರಿನಲ್ಲಿ.

ಇವರದು ಶ್ರೀವೈಷ್ಣವ ಅಯ್ಯಂಗಾರ್ ಮನೆತನ. ರಾಮಾನುಜಾಚಾರ್ಯರು ತೊಣ್ಣೂರು, ಮೇಲುಕೋಟೆಗಳಲ್ಲಿ ನೆಲೆಸಿದ ಕಾಲದಿಂದ ಈ ಭಾಗದಲ್ಲಿ ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡವಾಡುವ ಕುಟುಂಬಗಳು ಬಾಳಿಬಂದಿವೆ. ತಂದೆಯ ತಂದೆ ಮೈಸೂರು ಸಂಸ್ಥಾನದಲ್ಲಿ ವೈದ್ಯರಾಗಿದ್ದರು. ತಂದೆ ಜಯರಾಂ ಅವರು ಮಗಳ ಎಳವೆಯಲ್ಲಿಯೇ ತೀರಿಕೊಂಡರು. ತಾಯಿ ವೇದವಲ್ಲಿಯವರು ಸಂಧ್ಯಾ ಎಂಬ ಹೆಸರಿನಿಂದ ಮದರಾಸಿನಲ್ಲಿ ನಟಿಯಾದರು. ಬಾಲಕಿಯು ಬೆಂಗಳೂರಿನ ಬಿಷಪ್ ಕಾಟನ್ ಬಾಲಕಿಯರ ಶಾಲೆಯಲ್ಲಿ, ತರುವಾಯ ಮದರಾಸಿನ ಚರ್ಚ್ ಪಾರ್ಕ್ ಶಾಲೆಯಲ್ಲಿ ವ್ಯಾಸಂಗ ಮಾಡಿದರು.

ಚಿತ್ರರಂಗದ ಬಾಗಿಲು ತೆರೆದದ್ದು ಕನ್ನಡವೇ ಎಂಬುದು ಇಂದು ಹಲವರಿಗೆ ಮರೆತುಹೋಗಿದೆ. 1961ರ 'ಶ್ರೀಶೈಲ ಮಹಾತ್ಮೆ'ಯಲ್ಲಿ ಬಾಲನಟಿಯಾಗಿ ಕಾಣಿಸಿಕೊಂಡ ಇವರನ್ನು ಬಿ.ಆರ್. ಪಂತುಲು ಅವರು 1964ರ 'ಚಿನ್ನದ ಗೊಂಬೆ'ಯಲ್ಲಿ ನಾಯಕಿಯಾಗಿಸಿದರು. 'ಮನೆ ಅಳಿಯ', 'ಮಾವನ ಮಗಳು', 'ನನ್ನ ಕರ್ತವ್ಯ' ಚಿತ್ರಗಳು ಅದರ ಹಿಂದೆಯೇ ಬಂದವು. 1965ರಲ್ಲಿ ಶ್ರೀಧರ್ ಅವರ 'ವೆಣ್ಣಿರ ಆಡೈ' ಹಾಗೂ ಪಂತುಲು ಅವರದೇ 'ಆಯಿರತ್ತಿಲ್ ಒರುವನ್' ತೆರೆಕಂಡ ಬಳಿಕ ತಮಿಳು ಚಿತ್ರರಂಗವು ಇವರನ್ನು ತನ್ನದಾಗಿಸಿಕೊಂಡಿತು. ಎಂ.ಜಿ. ರಾಮಚಂದ್ರನ್ ಅವರೊಡನೆ ನಟಿಸಿದ ಚಿತ್ರಗಳೇ 28.

ತಾವು ತಮಿಳರೆಂದು ನೀಡಿದ್ದ ಹೇಳಿಕೆಗಾಗಿ ಕ್ಷಮೆ ಯಾಚಿಸಬೇಕೆಂದು ಮೈಸೂರಿನಲ್ಲಿ ಚಿತ್ರೀಕರಣದ ವೇಳೆ ಪ್ರತಿಭಟನಕಾರರು ಒತ್ತಾಯಿಸಿದಾಗ ಇವರು ಒಪ್ಪದ ಪ್ರಸಂಗವು ಇವರ ಜೀವನಚರಿತ್ರೆಗಳಲ್ಲಿ ಬರುತ್ತದೆ. ಅಂದು ಅದು ಒಬ್ಬ ನಟಿಯ ಮಾತಿನ ವಿಷಯವಾಗಿತ್ತು. ಮುಂದೆ ನೀರಿನ ವಿಷಯವಾಯಿತು.

1982ರಲ್ಲಿ ಅಣ್ಣಾ ಡಿ.ಎಂ.ಕೆ. ಪಕ್ಷವನ್ನು ಸೇರಿದ ಜಯಲಲಿತಾ ಅವರು 1991ರ ಜೂನ್ 24ರಂದು ಪ್ರಥಮ ಬಾರಿಗೆ ಮುಖ್ಯಮಂತ್ರಿಯಾದರು. ಮರುದಿನವೇ ಕಾವೇರಿ ನ್ಯಾಯಾಧಿಕರಣವು ತಮಿಳುನಾಡಿಗೆ ವಾರ್ಷಿಕ 205 ಟಿ.ಎಂ.ಸಿ. ನೀರು ಹರಿಯುವಂತೆ ಮಧ್ಯಂತರ ಆದೇಶ ನೀಡಿತು. 1993ರ ಜುಲೈನಲ್ಲಿ ಇವರು ಕಾವೇರಿ ನೀರಿಗಾಗಿ ಚೆನ್ನೈನ ಮರೀನಾ ಕಡಲತೀರದಲ್ಲಿ ಉಪವಾಸ ಕುಳಿತರು. ಕೃಷ್ಣರಾಜಸಾಗರವನ್ನು ನಂಬಿ ಭತ್ತ, ಕಬ್ಬು ಬೆಳೆಯುವ ಶ್ರೀರಂಗಪಟ್ಟಣ ಹಾಗೂ ಪಾಂಡವಪುರದ ರೈತರಿಗೆ, ಹೇಮಾವತಿ ನಾಲೆಯನ್ನು ಕಾಯುವ ಕೃಷ್ಣರಾಜಪೇಟೆ ಹಾಗೂ ನಾಗಮಂಗಲದ ರೈತರಿಗೆ ತಮ್ಮ ನೆಲದಲ್ಲಿ ಹುಟ್ಟಿದವರೇ ಎದುರು ಪಕ್ಷದ ದನಿಯಾದದ್ದು ಸಣ್ಣ ನೋವೇನಲ್ಲ. ತಮಿಳುನಾಡಿನಲ್ಲಿ 'ಅಮ್ಮ' ಎಂದು ಬೃಹತ್ ಕಟೌಟುಗಳಲ್ಲಿ ನಿಂತ ಅದೇ ಮುಖವು ಇಲ್ಲಿನ ಚಳವಳಿಗಳಲ್ಲಿ ಪ್ರತಿಕೃತಿಯಾಗಿ ದಹನಗೊಂಡಿತು. ಆದರೂ ಮೇಲುಕೋಟೆಯವರು ಜನ್ಮಸ್ಥಳದ ನಂಟನ್ನು ಅಲ್ಲಗಳೆದವರಲ್ಲ.

ಆದಾಯ ಮೀರಿದ ಆಸ್ತಿ ಪ್ರಕರಣದಲ್ಲಿ 2014ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯವು ಶಿಕ್ಷೆ ವಿಧಿಸಿತು. ಇವರು ಪರಪ್ಪನ ಅಗ್ರಹಾರ ಕಾರಾಗೃಹದಲ್ಲಿದ್ದು ಜಾಮೀನಿನ ಮೇಲೆ ಹೊರಬಂದರು. 2015ರ ಮೇ 11ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ಖುಲಾಸೆಗೊಳಿಸಿತು. ಮೇಲ್ಮನವಿಯ ಮೇಲೆ 2017ರ ಫೆಬ್ರವರಿ 14ರಂದು ಸರ್ವೋಚ್ಚ ನ್ಯಾಯಾಲಯವು ಉಳಿದ ಆರೋಪಿಗಳ ಶಿಕ್ಷೆಯನ್ನು ಎತ್ತಿಹಿಡಿಯಿತಾದರೂ, ಅಷ್ಟರಲ್ಲಿ ನಿಧನರಾಗಿದ್ದ ಇವರ ಮಟ್ಟಿಗೆ ಪ್ರಕರಣವು ಮುಕ್ತಾಯಗೊಂಡಿತ್ತು.

2016ರ ಸೆಪ್ಟೆಂಬರ್ 5ರಂದು ದಿನಕ್ಕೆ 15,000 ಕ್ಯೂಸೆಕ್ ನೀರು ಬಿಡಲು ಸರ್ವೋಚ್ಚ ನ್ಯಾಯಾಲಯವು ಆದೇಶಿಸಿದಾಗ ಮಂಡ್ಯ ಜಿಲ್ಲೆಯ ರಸ್ತೆಗಳು ಬಂದ್ ಆದವು. ಅದೇ ತಿಂಗಳ 22ರಂದು ಆಸ್ಪತ್ರೆಗೆ ದಾಖಲಾದ ಜಯಲಲಿತಾ ಅವರು ಡಿಸೆಂಬರ್ 5ರಂದು ಚೆನ್ನೈನಲ್ಲಿ ನಿಧನರಾದರು. ಪಾರ್ಥಿವ ಶರೀರವನ್ನು ಮರೀನಾದಲ್ಲಿ ಸಮಾಧಿ ಮಾಡಲಾಯಿತು. ದಹನಸಂಸ್ಕಾರ ನಡೆಯಲಿಲ್ಲವೆಂಬ ಕಾರಣಕ್ಕೆ ಕರ್ನಾಟಕದಲ್ಲಿದ್ದ ಬಂಧುಗಳು ಅದೇ ತಿಂಗಳು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ, ಕಾವೇರಿಯ ದಡದಲ್ಲಿ, ಸಾಂಕೇತಿಕ ಪ್ರತಿಕೃತಿಯನ್ನಿರಿಸಿ ಅಯ್ಯಂಗಾರ್ ವಿಧಿಯಂತೆ ಅಂತ್ಯಕ್ರಿಯೆ ನೆರವೇರಿಸಿದರು.