ಬೋಕಿಯ ಬೆಳಕು, ಮಣ್ಣಿನ ಸಾಕ್ಷಿ

ತೆಲಂಗಾಣದ ಅಲಂಪುರದ ನವಬ್ರಹ್ಮ ಗುಡಿಗಳ ಕಾಲ ತಿಳಿಯಲು ಶಾಸನಗಳ ಆಸರೆಯಿದೆ. ಸ್ವರ್ಗಬ್ರಹ್ಮ ಗುಡಿಯ ಬರಹ ಬಾದಾಮಿ ಚಾಲುಕ್ಯ ವಿನಯಾದಿತ್ಯನ ಆಳ್ವಿಕೆಯದು, ಅಂದರೆ 7ನೆಯ ಶತಮಾನದ ಕೊನೆಯದು. ಆದರೆ ಇದೇ ಸೀಮೆಯಲ್ಲಿ, ಮಕ್ತಲ್ ಕಡೆಯ ಉಟ್ನೂರಿನಲ್ಲಿ ಬೂದಿದಿಬ್ಬ ಬಿಟ್ಟುಹೋದ ದನಗಾಹಿಗಳಿಗೆ ಅಕ್ಷರವಿರಲಿಲ್ಲ. 1957ರಲ್ಲಿ ಎಫ್. ಆರ್. ಆಲ್ಚಿನ್ ಅಲ್ಲಿ ಅಗೆಸಿದಾಗ ಗೂಟದ ಕುಣಿಗಳು, ಗೊರಸಿನ ಗುರುತು, ಮತ್ತೆ ಮತ್ತೆ ಸುಟ್ಟ ಸಗಣಿಯ ಪದರಗಳು ಸಿಕ್ಕವು. ದಿಬ್ಬವು ನವಶಿಲಾಯುಗದ ದನದ ಹಟ್ಟಿ ಎಂಬುದು ಗಟ್ಟಿಯಾಯಿತು. ಇಂಥವರ ಕಾಲವನ್ನು ಅವರ ಮಡಕೆಯ ಬೋಕಿಯೂ ಹೇಳಬಲ್ಲದು. ಆದರೆ ಸುತ್ತಲಿನ ಮಣ್ಣು ಜೊತೆಗಿದ್ದರೆ ಮಾತ್ರ ಆ ಮಾತು ಪೂರ್ತಿಯಾಗುತ್ತದೆ.

ಮಡಕೆಯ ಮಣ್ಣಿನಲ್ಲಿರುವ ಬೆಣಚಿನ ಹರಳುಗಳು ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣದಿಂದ ಶಕ್ತಿಯನ್ನು ಕೂಡಿಡುತ್ತವೆ. ಸುಡುವ ಬೆಂಕಿ ಆ ಗಂಟನ್ನು ಬರಿದು ಮಾಡುತ್ತದೆ. ಮಡಕೆ ಆರಿದ ಮೇಲೆ ಲೆಕ್ಕ ಸೊನ್ನೆಯಿಂದ ಶುರು. ಪ್ರಯೋಗಾಲಯದಲ್ಲಿ ಮತ್ತೆ ಕಾಯಿಸಿದಾಗ ಕೂಡಿದ್ದೆಲ್ಲ ಬೆಳಕಾಗಿ ಹೊಮ್ಮುತ್ತದೆ. ಇದೇ ಉಷ್ಣದೀಪ್ತಿ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಕರ್ನಾಟಕದ ಕೊಮಾರನಹಳ್ಳಿಯ ಬೋಕಿಗಳನ್ನು ಹೀಗೆ ಅಳೆದಾಗ ಅಲ್ಲಿನ ಕಬ್ಬಿಣಯುಗ ಕ್ರಿ.ಪೂ. 1000ಕ್ಕಿಂತ ಹಿಂದಕ್ಕೆ ಸರಿಯಿತು. ಬೆಳಕು ತಿಳಿಸುವುದು ಒಟ್ಟು ವಿಕಿರಣವನ್ನು. ವಯಸ್ಸು ಬೇಕಾದರೆ ಅದನ್ನು ವರ್ಷದ ಪಾಲಿನಿಂದ ಭಾಗಿಸಬೇಕು. ಆ ಪಾಲಿನ ಒಂದಂಶ ಬರುವುದು ಸುತ್ತಲಿನ ಸುಮಾರು 30 ಸೆಂ.ಮೀ. ಮಣ್ಣಿನಿಂದ.

ಕಾಯಿಸುವಾಗ ಆಮ್ಲಜನಕದೊಡನೆ ನಡೆಯುವ ರಾಸಾಯನಿಕ ಕ್ರಿಯೆಯೂ ಬೆಳಕು ಕೊಡುತ್ತದಲ್ಲ ಎಂಬ ಆಕ್ಷೇಪವಿದೆ. ನಿಜ, ಅದಕ್ಕೇ ಶುದ್ಧ ಸಾರಜನಕದಲ್ಲಿ ಕಾಯಿಸಿ ಆ ಹುಸಿ ಬೆಳಕನ್ನು ಅಡಗಿಸುತ್ತಾರೆ. ನೂರಕ್ಕೆ 5ರಿಂದ 10ರಷ್ಟು ಹೆಚ್ಚುಕಡಿಮೆ ಇರುವಾಗ ಪ್ರಯೋಜನವೇನು ಎಂದರೆ, ಶಾಸನವಿರುವ ಗುಡಿಗೆ ಇದು ಬೇಡವೇ ಬೇಡ, ಅಕ್ಷರವಿಲ್ಲದವರ ದಿಬ್ಬಕ್ಕೆ ಬೇಕು. ಇದ್ದಿಲಿನ ಇಂಗಾಲ ಸಾಲದೇ ಎಂದರೆ, ಅದು ಮರದ ಕಾಲ ಹೇಳುತ್ತದೆ, ಮಡಕೆ ಸುಟ್ಟ ಕಾಲವನ್ನಲ್ಲ. ಇನ್ನು ನೀರಿನ ಮಾತು: ಒದ್ದೆ ಮಣ್ಣಿನಲ್ಲಿ ನೀರು ವಿಕಿರಣದ ಒಂದಿಷ್ಟನ್ನು ತಾನೇ ಹೀರಿ ಹರಳನ್ನು ಕಾಯುತ್ತದೆ. ಶ್ರೀಶೈಲ ಅಣೆಕಟ್ಟಿನ ಹಿನ್ನೀರಲ್ಲಿ 40 ವರ್ಷ ನೆನೆದ ಬೋಕಿಗೆ ಆ ನೆನೆದ ಕಾಲ 4000 ವರ್ಷದಲ್ಲಿ ನೂರಕ್ಕೆ ಒಂದು ಪಾಲು. ಇಂದಿನ ಒದ್ದೆಯನ್ನೇ ಅಂದಿನದೆಂದು ಎಣಿಸದಿದ್ದರೆ ಸಾಕು. ಸರಿಪಡಿಸಲಾಗದ ನಷ್ಟವೆಂದರೆ ಮಣ್ಣಿನದು. ಅದೇ ಹಿನ್ನೀರಲ್ಲಿ ಮುಳುಗಡೆಯಾಗಲಿದ್ದ ಕೂಡಲಿ ಸಂಗಮೇಶ್ವರ ಗುಡಿಯನ್ನು ಕಲ್ಲು ಬಿಚ್ಚಿ ತಂದು ಅಲಂಪುರದಲ್ಲಿ ಕಟ್ಟಿದರು. ಅದರ ಚರಿತ್ರೆ ಕೆತ್ತನೆಯಲ್ಲೇ ಇದ್ದುದರಿಂದ ಜೊತೆಗೇ ಬಂತು. ಬೋಕಿ ಹಾಗಲ್ಲ. ಅದನ್ನು ತೊಳೆದು ಸಂಗ್ರಹಾಲಯದ ಕಪಾಟಿಗೆ ಸೇರಿಸುವವರು, ಅದು ಬಿದ್ದಿದ್ದ ಕಡೆಯ ಒಂದು ಹಿಡಿ ಮಣ್ಣನ್ನೂ ಪಕ್ಕದಲ್ಲಿ ಕಟ್ಟಿಡಬೇಕು.