ಮಸಿ ಬಳಿದ ಪಿಟೀಲು, ಕರಗಿದ ಶಹನಾಯಿ

ಬೊಂಬಾಯಿಯ ಭೇಂಡಿ ಬಜಾರಿನ ಬಗಲಿಗೆ ಮಟನ್ ಸ್ಟ್ರೀಟ್ ಎಂಬ ಬೀದಿಯಿದೆ. ಹಳೆಯ ಗ್ರಾಮಫೋನು, ಗಡಿಯಾರ, ಲಾಟೀನು, ಕಾರಿನ ಬಿಡಿಭಾಗ ಎಲ್ಲವೂ ಸಿಗುವ ಆ ಜಾಗಕ್ಕೆ ಜನ ಇಟ್ಟ ಹೆಸರು ಚೋರ್ ಬಜಾರ್. ಅಸಲಿಗೆ ಅದು ‘ಶೋರ್ ಬಜಾರ್’, ಅಂದರೆ ಗದ್ದಲದ ಪೇಟೆ, ಬ್ರಿಟಿಷರ ನಾಲಗೆ ಹೊರಳದೆ ‘ಚೋರ್’ ಆಯಿತು ಎನ್ನುವವರಿದ್ದಾರೆ. ಶುಗರ್, ಶಿಪ್ ಎನ್ನಬಲ್ಲ ನಾಲಗೆಗೆ ಶೋರ್ ಎನ್ನಲು ಏನು ಕಷ್ಟವಿತ್ತೋ, ಉರ್ದು ಶಾಲೆಯಲ್ಲಿ ಅಕ್ಷರ ತಿದ್ದಿದ ನನಗಂತೂ ಈ ವ್ಯುತ್ಪತ್ತಿ ಒಪ್ಪಿಗೆಯಾಗಿಲ್ಲ.

ಆ ಬೀದಿಯ ಬಗ್ಗೆ ಇನ್ನೊಂದು ಕಥೆಯೂ ಇದೆ. ವಿಕ್ಟೋರಿಯಾ ರಾಣಿಯ ಪಿಟೀಲು ಹಡಗಿನಿಂದ ಇಳಿಸುವಾಗ ಕಾಣೆಯಾಗಿ, ಕೆಲವು ದಿನಗಳ ನಂತರ ಚೋರ್ ಬಜಾರಿನ ಒಂದು ಅಂಗಡಿಯಲ್ಲಿ ಮಾರಾಟಕ್ಕೆ ಕಾಣಿಸಿಕೊಂಡಿತಂತೆ. ರಾಣಿ ಹಿಂದೂಸ್ತಾನದ ನೆಲವನ್ನು ತುಳಿದವಳೇ ಅಲ್ಲ. ಆದರೂ ಈ ಕಥೆಯನ್ನು ಕಟ್ಟಿದವನಿಗೆ ಕದ್ದ ಮಾಲಿನ ವ್ಯಾಪಾರದ ಒಂದು ಗುಟ್ಟು ಗೊತ್ತಿತ್ತು. ಕದಿಯುವುದು ಸುಲಭ, ಮಾರುವುದು ಕಷ್ಟ. ಅದರಲ್ಲೂ ಹೆಸರು ಮಾಡಿದ ವಾದ್ಯವನ್ನು ಕದ್ದವನ ಪಾಡು ಬಹಳ ಕಷ್ಟ.

ಇದಕ್ಕೆ ಪುರಾವೆಯಾಗಿ ಕಥೆಯನ್ನು ಬಿಟ್ಟು ಚರಿತ್ರೆಗೇ ಬರೋಣ.

ಇಟಲಿಯ ಕ್ರೆಮೋನಾ ಪಟ್ಟಣದಲ್ಲಿ ಅಂತೋನಿಯೊ ಸ್ಟ್ರಾಡಿವರಿ ಎಂಬ ಕುಶಲಕರ್ಮಿ ಇದ್ದ. 1737ರಲ್ಲಿ ತೀರಿಕೊಳ್ಳುವವರೆಗೂ ಪಿಟೀಲು ಮಾಡುವುದೇ ಅವನ ಬದುಕು. ಅವನ ಕೈಯಿಂದ ಬಂದ ಸಾವಿರಕ್ಕೂ ಹೆಚ್ಚು ವಾದ್ಯಗಳಲ್ಲಿ ಇಂದಿಗೆ ಸುಮಾರು 650 ಉಳಿದಿವೆ ಎಂದು ಲೆಕ್ಕ. ಒಂದೊಂದಕ್ಕೂ ಒಂದೊಂದು ಹೆಸರು. ಸಾಮಾನ್ಯವಾಗಿ ಹಿಂದೆ ಅದನ್ನು ಇಟ್ಟುಕೊಂಡಿದ್ದ ಯಾರದೋ ಹೆಸರು. 1713ರಲ್ಲಿ ಮಾಡಿದ ಒಂದು ಪಿಟೀಲಿಗೆ ‘ಗಿಬ್ಸನ್’ ಎಂದು ಹೆಸರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಬ್ರೋನಿಸ್ಲಾವ್ ಹುಬರ್ಮನ್ ಎಂಬ ಪೋಲೆಂಡಿನ ಯಹೂದಿ ಕಲಾವಿದನ ಕೈ ಸೇರಿತು. ಹುಡುಗನಾಗಿದ್ದಾಗಲೇ ಬ್ರಾಮ್ಸ್‌ನ ಎದುರಿಗೆ ಬ್ರಾಮ್ಸ್‌ನದೇ ರಚನೆಯನ್ನು ನುಡಿಸಿ ಸೈ ಎನಿಸಿಕೊಂಡವನು ಈ ಹುಬರ್ಮನ್.

ಆ ಪಿಟೀಲು ಅವನಿಂದ ಎರಡು ಸಲ ಕಳುವಾಯಿತು. ಮೊದಲನೆಯದು 1919ರಲ್ಲಿ, ವಿಯೆನ್ನಾದ ಹೋಟೆಲು ಕೋಣೆಯಿಂದ. ಕಳ್ಳ ಅದನ್ನು ವ್ಯಾಪಾರಿಯೊಬ್ಬನಿಗೆ ಮಾರಲು ಹೋಗಿ ಸಿಕ್ಕಿಬಿದ್ದ; ಕೆಲವೇ ದಿನಗಳಲ್ಲಿ ಪಿಟೀಲು ಮರಳಿ ಬಂತು. ಎರಡನೆಯ ಕಳ್ಳ ಇಷ್ಟು ದಡ್ಡನಾಗಿರಲಿಲ್ಲ.

1936ರ ಫೆಬ್ರವರಿ 28. ನ್ಯೂಯಾರ್ಕಿನ ಕಾರ್ನೆಗಿ ಹಾಲ್. ಹಿಟ್ಲರನ ದೆಸೆಯಿಂದ ಕೆಲಸ ಕಳೆದುಕೊಂಡ ಯಹೂದಿ ಸಂಗೀತಗಾರರನ್ನು ಕೂಡಿಸಿ ಪ್ಯಾಲೆಸ್ತೀನಿನಲ್ಲಿ ಒಂದು ವಾದ್ಯವೃಂದ ಕಟ್ಟಬೇಕೆಂದು ಹುಬರ್ಮನ್ ಆಗ ಓಡಾಡುತ್ತಿದ್ದ. (ಆ ನೆಲದ ಮುಂದಿನ ಕಥೆ ದೊಡ್ಡದು, ಅದನ್ನು ಇಲ್ಲಿ ತೆಗೆದರೆ ಪಿಟೀಲು ಕೈತಪ್ಪುತ್ತದೆ.) ಅವನ ಪೆಟ್ಟಿಗೆಯಲ್ಲಿ ಎರಡು ಪಿಟೀಲುಗಳಿದ್ದವು. ಅಂದು ಗ್ವಾರ್ನೆರಿ ಮನೆತನದವರು ಮಾಡಿದ ಇನ್ನೊಂದನ್ನು ಹಿಡಿದು ವೇದಿಕೆಗೆ ಹೋದ. ಸ್ಟ್ರಾಡಿವರಿ ಹಿಂದಿನ ಕೋಣೆಯಲ್ಲಿ ಉಳಿಯಿತು. ಸಭೆ ಇನ್ನೂ ನಡೆಯುತ್ತಿರುವಾಗಲೇ ಪೆಟ್ಟಿಗೆಯ ಒಂದು ಗೂಡು ಖಾಲಿಯಾಗಿತ್ತು. ವಿಮೆಯವರು 30,000 ಡಾಲರ್ ಕೊಟ್ಟರು. ಹುಬರ್ಮನ್ 1947ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡ. ಆ ಪಿಟೀಲನ್ನು ಅವನು ಮತ್ತೆ ನೋಡಲಿಲ್ಲ.

ಅದು ಹೋಗಿದ್ದಾದರೂ ಎಲ್ಲಿಗೆ? ಬಹಳ ದೂರಕ್ಕೇನೂ ಅಲ್ಲ. ಕಾರ್ನೆಗಿ ಹಾಲ್‌ನ ಹತ್ತಿರದಲ್ಲೇ ಒಂದು ರಷ್ಯನ್ ಹೋಟೆಲಿನಲ್ಲಿ ಊಟಕ್ಕೆ ಬಂದವರಿಗಾಗಿ ಪಿಟೀಲು ನುಡಿಸುತ್ತಿದ್ದ ಜೂಲಿಯನ್ ಆಲ್ಟ್‌ಮನ್ ಎಂಬ ಇಪ್ಪತ್ತು ವರ್ಷದ ಹುಡುಗನ ಕೈಗೆ. ಕಾವಲುಗಾರನಿಗೆ ಒಂದು ಸಿಗಾರ್ ಕೊಟ್ಟು ಆಚೆ ಕಳಿಸಿ ಒಳಗೆ ನುಗ್ಗಿದ ಎಂಬ ಒಂದು ವಿವರಣೆಯಿದೆ. ಅವನೇ ಕದ್ದನೋ, ಕದ್ದವನಿಂದ 100 ಡಾಲರಿಗೆ ಕೊಂಡನೋ ಎಂಬುದರಲ್ಲೂ ಎರಡು ಮಾತಿದೆ. ಮುಂದಿನ ನಲವತ್ತೊಂಬತ್ತು ವರ್ಷ ಅದು ಅವನ ಬಳಿಯೇ ಇತ್ತೆಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಆಲ್ಟ್‌ಮನ್ ಅದನ್ನು ಮಾರಲಿಲ್ಲ, ಮಾರಲು ಸಾಧ್ಯವೂ ಇರಲಿಲ್ಲ. ಇಂಥ ಪಿಟೀಲನ್ನು ಬೆಲೆ ಕೊಟ್ಟು ಕೊಳ್ಳಬಲ್ಲ ವ್ಯಾಪಾರಿಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಮಂದಿ. ಅವರಿಗೆ ಒಂದೊಂದು ವಾದ್ಯವೂ ಮುಖಪರಿಚಯ. ಮರದ ಎಳೆ ಹೇಗೆ ಓಡುತ್ತದೆ, ಯಾವ ಮೂಲೆಯಲ್ಲಿ ಹಳೆಯ ಸೀಳಿಗೆ ತೇಪೆ ಹಾಕಿದೆ ಎಂಬುದನ್ನೆಲ್ಲ ಬಲ್ಲವರು. ಮಚ್ಚೆ ನೋಡಿ ಮಗುವನ್ನು ಗುರುತು ಹಿಡಿಯುವ ಹಾಗೆ. ಕೊಳ್ಳಲು ಯೋಗ್ಯತೆ ಇದ್ದವನಿಗೆ ಅದು ಯಾರದೆಂದು ಗೊತ್ತು. ಗೊತ್ತಿಲ್ಲದವನು ಕೊಡುವುದು ಹಳೆಯ ಮರದ ಬೆಲೆ. ಹಾಗಾಗಿ ಆಲ್ಟ್‌ಮನ್ ಮಾಡಿದ್ದು ಒಂದೇ ಕೆಲಸ. ಪಿಟೀಲಿನ ಹೊಂಬಣ್ಣದ ಮೈಗೆ ಬೂಟಿನ ಪಾಲಿಶ್ ಬಳಿದ. ಮಸಿ ಹಿಡಿದ ಆ ವಾದ್ಯವನ್ನು ಹೋಟೆಲುಗಳಲ್ಲಿ, ಸಿರಿವಂತರ ಔತಣಗಳಲ್ಲಿ, ಕೆಲವು ಕಾಲ ವಾಷಿಂಗ್ಟನ್ನಿನ ನ್ಯಾಷನಲ್ ಸಿಂಫನಿಯಲ್ಲೂ ನುಡಿಸಿದ. ಜತೆಗೆ ಕೂತ ಸಂಗೀತಗಾರರಿಗೂ ಅದು ಏನೆಂದು ತಿಳಿಯಲಿಲ್ಲ. ತಿಳಿಯದೇ ಇದ್ದುದರಿಂದಲೇ ಅವನು ಬಚಾವಾದ. ನನಗೆ ಇದು ವಿಚಿತ್ರವಾದ ಶಿಕ್ಷೆಯಂತೆ ಕಾಣುತ್ತದೆ. ಕೈಯಲ್ಲಿ ಸ್ಟ್ರಾಡಿವರಿ ಇರುವ ಪಿಟೀಲುಗಾರ, ಆ ಹೆಸರನ್ನು ಒಬ್ಬರ ಬಳಿಯೂ ಬಾಯಿಬಿಡುವಂತಿಲ್ಲ.

1985ರಲ್ಲಿ ಬೇರೆಯೇ ಒಂದು ಹೀನ ಅಪರಾಧಕ್ಕಾಗಿ ಜೈಲು ಸೇರಿದ್ದ ಆಲ್ಟ್‌ಮನ್ ಸಾಯುವ ಮುಂಚೆ ಹೆಂಡತಿಗೆ ಪಿಟೀಲಿನ ಪೆಟ್ಟಿಗೆಯನ್ನು ಸರಿಯಾಗಿ ನೋಡು ಎಂದ. ಪೆಟ್ಟಿಗೆಯ ಒಳಬಟ್ಟೆಯ ಹಿಂದೆ 1936ರ ಪತ್ರಿಕೆಗಳ ತುಣುಕುಗಳಿದ್ದವು. ಅವನು ಅವನ್ನು ಯಾಕೆ ಇಟ್ಟುಕೊಂಡಿದ್ದ? ಪತ್ತೇದಾರರು ಏನೆನ್ನುತ್ತಾರೋ, ಕಥೆ ಬರೆಯುವವನಾಗಿ ನನಗೆ ಅನ್ನಿಸುವುದು ಇಷ್ಟು: ತಾನು ನುಡಿಸುತ್ತಿರುವುದು ಏನೆಂದು ಹೇಳುವ ಒಂದು ಕಾಗದವಾದರೂ ಅವನಿಗೆ ಬೇಕಿತ್ತು.

ಆಮೇಲಿನದು ಹಣದ ಕಥೆ. ಹೆಂಡತಿ ಅದನ್ನು ವಿಮೆಯವರಿಗೆ ಒಪ್ಪಿಸಿ ಎರಡೂವರೆ ಲಕ್ಷ ಡಾಲರಿಗೂ ಹೆಚ್ಚು ಬಹುಮಾನ ಪಡೆದಳು. ಆ ಹಣಕ್ಕಾಗಿ ಮನೆಯೊಳಗೇ ಕೋರ್ಟು ಕಚೇರಿಯಾಯಿತು. ಲಂಡನ್ನಿನ ಕುಶಲಕರ್ಮಿಗಳು ಪಾಲಿಶ್ ತೆಗೆಯಲು ತಿಂಗಳುಗಟ್ಟಲೆ ಕೂತರು. 2001ರಲ್ಲಿ ಅಮೆರಿಕದ ಜೋಶುವಾ ಬೆಲ್ ಸುಮಾರು 40 ಲಕ್ಷ ಡಾಲರಿಗೆ ಅದನ್ನು ಕೊಂಡ. ಇದೇ ಬೆಲ್ 2007ರ ಜನವರಿಯ ಒಂದು ಬೆಳಿಗ್ಗೆ ಪತ್ರಿಕೆಯೊಂದರ ಪ್ರಯೋಗಕ್ಕೆಂದು ವಾಷಿಂಗ್ಟನ್ನಿನ ಮೆಟ್ರೋ ನಿಲ್ದಾಣದಲ್ಲಿ ಟೋಪಿ ಹಾಕಿಕೊಂಡು ನಿಂತು ಇದೇ ಪಿಟೀಲನ್ನು 43 ನಿಮಿಷ ನುಡಿಸಿದ. 1,097 ಮಂದಿ ಹಾದುಹೋದರು. ನಿಂತು ಕೇಳಿದವರು ಏಳು ಜನ. ಗುರುತು ಹಿಡಿದ ಒಬ್ಬಾಕೆ ಕೊಟ್ಟದ್ದನ್ನು ಬಿಟ್ಟರೆ ಬಿದ್ದ ಹಣ 32 ಡಾಲರ್ 17 ಸೆಂಟ್. ಹೆಸರು ಹೇಳದಿದ್ದರೆ ಬೀದಿಯ ಬೆಲೆ ಎಷ್ಟೆಂಬುದು ಆಲ್ಟ್‌ಮನ್ನನಿಗೆ ಎಪ್ಪತ್ತು ವರ್ಷ ಮೊದಲೇ ಗೊತ್ತಿತ್ತು.

ಇಂಥವು ಇನ್ನೂ ಇವೆ. 2010ರಲ್ಲಿ ಲಂಡನ್ನಿನ ಯೂಸ್ಟನ್ ನಿಲ್ದಾಣದ ಬಳಿ ತಿಂಡಿಗೆ ಕೂತಿದ್ದ ಮಿನ್-ಜಿನ್ ಕಿಮ್ ಎಂಬ ಕಲಾವಿದೆಯ 1696ರ ಸ್ಟ್ರಾಡಿವರಿ ಮಾಯವಾಯಿತು. ಬೆಲೆ 12 ಲಕ್ಷ ಪೌಂಡ್. ಕದ್ದವರು ಅದನ್ನು ಇಂಟರ್ನೆಟ್ ಅಂಗಡಿಯಲ್ಲಿ ಕೂತಿದ್ದ ಒಬ್ಬ ಬಸ್ ಡ್ರೈವರನಿಗೆ 100 ಪೌಂಡಿಗೆ ಮಾರಲು ನೋಡಿದರು, ಅವನು ಬೇಡವೆಂದ. 2013ರಲ್ಲಿ ಪಿಟೀಲು ಸಿಕ್ಕಿತು. ಅಷ್ಟರಲ್ಲಿ ವಿಮೆಯ ಹಣದಲ್ಲಿ ಆಕೆ ಬೇರೆ ಪಿಟೀಲು ಕೊಂಡಾಗಿತ್ತು, ಹಳೆಯದನ್ನು ಬಿಡಿಸಿಕೊಳ್ಳಲು ಹಣವಿರಲಿಲ್ಲ. ಅದು ಹರಾಜಿನಲ್ಲಿ ಇನ್ನೊಬ್ಬರ ಪಾಲಾಯಿತು. ಬಾಸ್ಟನ್ ಬಳಿ 1980ರಲ್ಲಿ ಕಳುವಾದ ರೋಮನ್ ಟೋಟೆನ್‌ಬರ್ಗ್‌ರ ಪಿಟೀಲು 2015ರಲ್ಲಿ ಸಿಕ್ಕಿತು. ಆ ಹಿರಿಯರು 101 ವರ್ಷ ಬದುಕಿಯೂ ಅದನ್ನು ನೋಡಲು ಮೂರು ವರ್ಷ ಕಡಿಮೆಯಾಯಿತು.

ಗಮನಿಸಬೇಕಾದ ಸಂಗತಿಯೆಂದರೆ, ಇವೆಲ್ಲ ಇಡಿಯಾಗಿ ಸಿಕ್ಕವು. ಪಿಟೀಲನ್ನು ಒಡೆದರೆ ಒಲೆಗೆ ಹಾಕುವ ಸೌದೆ. ಹಾಗಾಗಿ ಕಳ್ಳ ಅದನ್ನು ಜೋಪಾನ ಮಾಡಲೇಬೇಕು. ವಾದ್ಯದಲ್ಲಿ ಕರಗಿಸಿ ಮಾರಬಹುದಾದ ಲೋಹ ಇದ್ದರೆ?

ನಾನು ಚಿಕ್ಕವನಿದ್ದಾಗ ನಮ್ಮೂರಿನ ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುವ ಚಾಚಾ ಒಬ್ಬರಿದ್ದರು. ಮೊಹರ್ರಂನಲ್ಲಿ, ಆಷಾಢದಲ್ಲಿ ಮದುವೆಗಳಿಲ್ಲ. ಆ ದಿನಗಳಲ್ಲಿ ಬ್ಯಾಂಡಿನ ಹಿತ್ತಾಳೆ ತುತ್ತೂರಿಗಳು ಗಿರವಿ ಅಂಗಡಿಗೆ ಹೋಗುತ್ತಿದ್ದವು. ಸೇಟು ತಕ್ಕಡಿಗೆ ಹಾಕಿ ತೂಗಿ ಹಣ ಕೊಡುತ್ತಿದ್ದ. ಚಾಚಾನ ಕ್ಲಾರಿಯೊನೆಟ್‌ಗೆ ಮಾತ್ರ ಏನೂ ಹುಟ್ಟುತ್ತಿರಲಿಲ್ಲ, ಯಾಕೆಂದರೆ ಅದು ಮರದ್ದು. ‘ನನ್ನದಕ್ಕೆ ತೂಕವಿಲ್ಲ, ಅದಕ್ಕೇ ಮನೆಯಲ್ಲಿದೆ’ ಎಂದು ಅವರು ನಗುತ್ತಿದ್ದರು. ಆ ಮಾತು ಸರಿಯಾಗಿ ಅರ್ಥವಾಗಲು ನಾನು ಕಾಶಿಯ ಸುದ್ದಿ ಓದಬೇಕಾಯಿತು.

ಉಸ್ತಾದ್ ಬಿಸ್ಮಿಲ್ಲಾ ಖಾನ್ ಕನ್ನಡಿಗರಿಗೆ ಪರಿಚಯ ಹೇಳಬೇಕಾದವರಲ್ಲ. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ರಾಜಕುಮಾರರು ತೆರೆಯ ಮೇಲೆ ಸನಾದಿ ಹಿಡಿದಾಗ ಅದರಲ್ಲಿ ಹರಿದದ್ದು ಈ ಉಸ್ತಾದರ ಉಸಿರು. 1916ರಲ್ಲಿ ಬಿಹಾರದ ಡುಮ್ರಾಂವ್‌ನಲ್ಲಿ ಹುಟ್ಟಿ, ಕಾಶಿಯಲ್ಲಿ ಬೆಳೆದು, ಗಂಗೆಯ ದಡದ ಬಾಲಾಜಿ ಗುಡಿಯಲ್ಲಿ ರಿಯಾಜ್ ಮಾಡಿ, ಮೊಹರ್ರಂ ಎಂಟನೆಯ ದಿನ ದಾಲ್‌ಮಂಡಿಯಿಂದ ಫಾತ್ಮಾನ್‌ವರೆಗೆ ಬರಿಗಾಲಲ್ಲಿ ನೌಹಾ ನುಡಿಸುತ್ತ ಅಳುತ್ತ ನಡೆದವರು. 2001ರಲ್ಲಿ ಭಾರತರತ್ನ. ಬೆಳ್ಳಿಯ ಶಹನಾಯಿಗಳು ಅವರಿಗೆ ಬಂದದ್ದು ಕಾಣಿಕೆಯಾಗಿ. ಅದರಲ್ಲೊಂದು ಪ್ರಧಾನಿ ಪಿ.ವಿ. ನರಸಿಂಹರಾಯರು ಕೊಟ್ಟದ್ದು.

2016ರ ಡಿಸೆಂಬರಿನಲ್ಲಿ ಮಗನ ಮನೆಯಿಂದ ಐದು ಶಹನಾಯಿಗಳು ಕಳುವಾದವೆಂದು ದೂರು ದಾಖಲಾಯಿತು. ಅವುಗಳಲ್ಲಿ ಒಂದು, ಉಸ್ತಾದರು ಮೊಹರ್ರಂನಲ್ಲಿ ನುಡಿಸುತ್ತಿದ್ದದ್ದು ಎಂದು ಪತ್ರಿಕೆಗಳಲ್ಲಿ ಬಂತು. 2017ರ ಜನವರಿಯಲ್ಲಿ ಉತ್ತರಪ್ರದೇಶದ ಪೊಲೀಸರು ಕುಟುಂಬದ ಯುವಕನೊಬ್ಬನನ್ನೂ ಇಬ್ಬರು ಚಿನ್ನಬೆಳ್ಳಿ ವ್ಯಾಪಾರಿಗಳನ್ನೂ ಬಂಧಿಸಿದರು. ಪೊಲೀಸರ ಪ್ರಕಾರ ಶಹನಾಯಿಗಳು ಮಾರಾಟವಾದದ್ದು 17,000 ರೂಪಾಯಿಗೆ. ಅಂಗಡಿಯಲ್ಲಿ ಸಿಕ್ಕಿದ್ದು ಸುಮಾರು ಒಂದು ಕಿಲೋ ಕರಗಿಸಿದ ಬೆಳ್ಳಿ.

ಹುಬರ್ಮನ್ನನ ಪಿಟೀಲಿಗೆ ಕಾವಲಾಗಿದ್ದದ್ದು ಅದರ ಹೆಸರು. ಉಸ್ತಾದರ ಹೆಸರು ಅದಕ್ಕಿಂತ ಸಣ್ಣದೇ? ಅಲ್ಲ. ಆದರೆ ಅವರ ಶಹನಾಯಿಗಳಿಗೆ ವ್ಯಾಪಾರಿಗಳೆಲ್ಲ ಬಲ್ಲ ಒಂದು ಪಟ್ಟಿ, ಒಂದು ಚಿತ್ರ, ಒಂದು ಅಳತೆ ಇರಲಿಲ್ಲ. ಅವುಗಳನ್ನು ಕಾಪಾಡಲು ಒಂದು ಸಂಗ್ರಹಾಲಯವಿರಲಿಲ್ಲ. ಕಾಣಿಕೆ ಕೊಟ್ಟು ಫೋಟೋ ತೆಗೆಸಿಕೊಂಡವರು ಆಮೇಲೆ ಆ ಪೆಟ್ಟಿಗೆ ಎಲ್ಲಿದೆ ಎಂದು ಕೇಳಲಿಲ್ಲ. 2020ರ ಆಗಸ್ಟಿನಲ್ಲಿ ಉಸ್ತಾದರ ಹಳೆಯ ಮನೆಯಲ್ಲಿ ಅವರು ಇದ್ದ ಕೋಣೆಯನ್ನೇ ಕೆಡವಿದ ಸುದ್ದಿ ಬಂತು. ಅಲ್ಲಿಗೂ ಎಲ್ಲರೂ ಆ ಮನೆಯವರನ್ನೇ ಬೈದರು. ನಾನು ಬೈಯಲಾರೆ. ಮನೆಯ ತುಂಬ ಜನ, ಗೋಡೆಯ ಮೇಲೆ ಸನ್ಮಾನಪತ್ರಗಳು, ಕೈಯಲ್ಲಿ ಕಾಸಿಲ್ಲದ ಕಲಾವಿದರ ಮನೆಗಳನ್ನು ನಾವು ಇಲ್ಲೂ ನೋಡಿದ್ದೇವೆ. ಹಾಗೆಂದು ಕಳವು ಕಳವಲ್ಲದೆ ಹೋಗುವುದಿಲ್ಲ, ಅದು ಬೇರೆ ಮಾತು.

ನನ್ನ ಗಮನ ಹೋಗುವುದು ತಕ್ಕಡಿ ಹಿಡಿಯುವವರ ಕಡೆಗೆ. ಈ ಪ್ರಕರಣದ ಮಾತಲ್ಲ, ಕಸುಬಿನ ಮಾತು ಹೇಳುತ್ತಿದ್ದೇನೆ. ಭಾರತೀಯ ದಂಡ ಸಂಹಿತೆಯಲ್ಲಿ ಸಾಧಾರಣ ಕಳವಿಗೆ ಮೂರು ವರ್ಷದವರೆಗೆ ಶಿಕ್ಷೆಯಿತ್ತು. ಕದ್ದದ್ದೆಂದು ತಿಳಿದೂ ಮಾಲು ಕೊಂಡವನಿಗೆ 411ನೆಯ ಕಲಮಿನ ಪ್ರಕಾರ ಅಷ್ಟೇ ಶಿಕ್ಷೆ. ಅದನ್ನೇ ದಂಧೆ ಮಾಡಿಕೊಂಡವನಿಗೆ ಜೀವಾವಧಿಯವರೆಗೂ ಹೋಗಬಹುದಿತ್ತು. 2024ರ ಜುಲೈಯಿಂದ ಬಂದ ಹೊಸ ಸಂಹಿತೆಯ 317ನೆಯ ಕಲಮಿನಲ್ಲೂ ಇದು ಹಾಗೆಯೇ ಉಳಿದಿದೆ. ಕೊಳ್ಳುವವನಿಲ್ಲದೆ ಕದಿಯುವವನಿಲ್ಲ ಎಂಬುದು ಕಾನೂನು ಬರೆದವರಿಗೆ ಗೊತ್ತಿತ್ತು. ಆದರೆ ಬೆಳ್ಳಿ ಮೂಸೆಗೆ ಬಿದ್ದ ಮೇಲೆ ಸಾಕ್ಷಿಯೂ ಅದರ ಜತೆಗೇ ಕರಗುತ್ತದೆ. ಕಾಲುಗೆಜ್ಜೆಯೂ ತಟ್ಟೆಯೂ ಶಹನಾಯಿಯೂ ಒಂದೇ ಬಣ್ಣದ ಗಟ್ಟಿಯಾಗುತ್ತವೆ. ಪಿಟೀಲಿಗೆ ಮಸಿ ಬಳಿದವನು ಅದನ್ನು ಒರೆಸಲು ಮುಂದಿನವರಿಗೆ ಅವಕಾಶ ಬಿಟ್ಟಿದ್ದ. ಮೂಸೆ ಯಾವ ಅವಕಾಶವನ್ನೂ ಬಿಡುವುದಿಲ್ಲ.

ಬೆಳ್ಳಿ ಶಹನಾಯಿ ಗೌರವಕ್ಕೆ ಕೊಡುವ ವಸ್ತು. ನುಡಿಸುವ ಶಹನಾಯಿಯ ಮೈ ಮರದ್ದು, ಬಾಯಿಗಿಡುವ ಪೀಪಿ ಜೊಂಡಿನದು. ಉಸ್ತಾದರು ಹುಟ್ಟಿದ ಡುಮ್ರಾಂವ್ ಸುತ್ತ ಸೋನ್ ನದಿಯ ದಡದಲ್ಲಿ ಅದು ಹುಲ್ಲಾಗಿ ಬೆಳೆಯುತ್ತದೆ. ತಕ್ಕಡಿಗೆ ಹಾಕಿದರೆ ಮುಳ್ಳು ಅಲ್ಲಾಡುವುದಿಲ್ಲ.

2006ರ ಆಗಸ್ಟ್ 21ರಂದು ಉಸ್ತಾದರು ತೀರಿಕೊಂಡಾಗ ಅವರನ್ನು ಫಾತ್ಮಾನ್‌ನ ಖಬರ್‌ಸ್ತಾನದಲ್ಲಿ ಬೇವಿನ ಮರದ ಕೆಳಗೆ ದಫನ್ ಮಾಡಿದರು. ಜತೆಗೆ ಒಂದು ಶಹನಾಯಿಯನ್ನೂ ಇಟ್ಟರು.