ಲಿಂಗನಮಕ್ಕಿ ಹಿನ್ನೀರಿನ ಹಳ್ಳಿಗಳಲ್ಲಿ ಬಚ್ಚಲು ನೀರಿನ ನಿರ್ವಹಣೆ: ಮಳೆಗಾಲದ ಲೆಕ್ಕ

1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಕಣಿವೆಯ ಊರುಗಳು ಮುಳುಗಿದವು. ಉಳಿದ ಜನವಸತಿ 1,819 ಅಡಿಯ ಗರಿಷ್ಠ ನೀರಿನ ಮಟ್ಟಕ್ಕಿಂತ ಮೇಲೆ, ಗುಡ್ಡದ ಓರೆಯಲ್ಲಿ ಚದುರಿಕೊಂಡಿತು. ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳಲ್ಲಿ ಪಕ್ಕದ ಮನೆಗೆ ಹೋಗಬೇಕೆಂದರೂ ಎಷ್ಟೋ ಕಡೆ ಒಂದು ತೋಟ, ಒಂದು ಹುಲ್ಲಿನ ಬ್ಯಾಣ ದಾಟಬೇಕು. ಇಂಥ ಕಡೆ ಒಳಚರಂಡಿ ಜಾಲದ ಮಾತು ವ್ಯರ್ಥ. ಮನೆಯ ಕೊಳಚೆ ಮನೆಯ ಅಂಚಿನಲ್ಲೇ ಶುದ್ಧವಾಗಬೇಕು.

ಉದ್ಯೋಗ ಖಾತರಿ ಯೋಜನೆಯ ಬಚ್ಚಲು ಗುಂಡಿ ಈ ತತ್ತ್ವದ ಮೇಲೆಯೇ ನಿಂತಿದೆ: ನೆಲ ಅಗೆದು, ಕಲ್ಲು ತುಂಬಿ, ನೀರನ್ನು ಇಂಗಲು ಬಿಡುವುದು. ಬಯಲುಸೀಮೆಯಲ್ಲಿ ಇದು ನಡೆಯುತ್ತದೆ. ಮಲೆನಾಡಿನಲ್ಲಿ ಜುಲೈ ಹೊತ್ತಿಗೆ ಬಾವಿಯ ನೀರನ್ನು ಹಗ್ಗವಿಲ್ಲದೆ ಮೊಗೆಯುವ ಕಡೆಗಳಿವೆ. ಅಲ್ಲಿ ಗುಂಡಿಯ ತಳ ಅಂತರ್ಜಲದೊಳಗೇ ಇರುತ್ತದೆ. ನೀರು ಇಂಗುವುದು ಎಲ್ಲಿಗೆ?

ಲೆಕ್ಕವನ್ನೇ ನೋಡೋಣ. ಜಲ ಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ನೀರು ಗೊತ್ತುಮಾಡಿದೆ. ಐದು ಜನರ ಮನೆಗೆ 275 ಲೀಟರ್, ಅದರ ಶೇ. 80 ಹೊರಬೀಳುತ್ತದೆಂದು ಹಿಡಿದರೆ 220 ಲೀಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನಗಳಿಗೆ 26,840 ಲೀಟರ್. ಅದೇ ಅವಧಿಯಲ್ಲಿ 2,500 ಮಿ.ಮೀ. ಮಳೆಯಾದರೆ 100 ಚದರ ಮೀಟರ್ ಮಾಡಿನಿಂದ ಇಳಿಯುವ ನೀರು 2,50,000 ಲೀಟರ್, ಎಂದರೆ ಒಂಬತ್ತು ಪಟ್ಟಿಗೂ ಹೆಚ್ಚು. ಹೊಸನಗರದ ಘಟ್ಟದಂಚಿನ ಹುಲಿಕಲ್, ಮಾಸ್ತಿಕಟ್ಟೆಯ ಕಡೆ ಮಳೆ ಇನ್ನೂ ಜೋರು. ಸೂರಿನ ನೀರು ಹರಿಯುವ ಅಂಗಳದ ಚರಂಡಿಗೇ ಬಚ್ಚಲಿನ ಪೈಪು ಜೋಡಿಸಿದರೆ ಯಾವ ಗುಂಡಿಯೂ ತಾಳದು. ಆದ್ದರಿಂದ ಇಲ್ಲಿ ಶುದ್ಧೀಕರಣದ ಮೊದಲ ಕೆಲಸ ಈ ಎರಡು ನೀರುಗಳನ್ನು ಬೇರೆ ಮಾಡುವುದು. ಖರ್ಚೂ ಕಡಿಮೆ. ಯೋಜನೆಯ ಕಾಗದಗಳಲ್ಲಿ ಅದಕ್ಕೆ ಸಿಗುವ ಜಾಗ ಮಾತ್ರ ಇನ್ನೂ ಕಡಿಮೆ.

ಹಳೆಯ ಮನೆಗಳಲ್ಲಿ ಬಚ್ಚಲ ನೀರು ಹಿತ್ತಲ ಬಾಳೆ, ಕೆಸುವಿನ ಬುಡ ಸೇರುತ್ತಿತ್ತು. ಆಳಕ್ಕೆ ಇಳಿಸದೆ ಮೇಲ್ಮಣ್ಣಿನಲ್ಲೇ ಹರಡುವ ಈ ಕ್ರಮ ಸರಿಯಾದದ್ದೇ. ಗಾಳಿಯಾಡುವ ಮೇಲ್ಪದರದಲ್ಲೇ ಸೂಕ್ಷ್ಮಜೀವಿಗಳ ಕೆಲಸ ಚುರುಕು. ಆದರೆ ಆಗ ನೀರಿನಲ್ಲಿದ್ದದ್ದು ಸೀಗೆ, ಅಂಟುವಾಳ. ಈಗ ಸೋಪಿನ ಪುಡಿ. ಹಾಗಾಗಿ ಜಿಡ್ಡು ತಡೆಯುವ ಸಣ್ಣ ತೊಟ್ಟಿ, ಅದರ ಮುಂದೆ ನೆಲಮಟ್ಟಕ್ಕಿಂತ ಎತ್ತರಿಸಿದ ಜಲ್ಲಿ-ಮರಳಿನ ಪಾತಿ, ಪಾತಿಯಲ್ಲಿ ಬಾಳೆ, ಕಾಬಾಳೆ: ಇಷ್ಟು ಬೇಕು. ಸ್ಥಳ ಆರಿಸುವಾಗ ಕೆಳಗಿನ ಮನೆಯ ಬಾವಿಯನ್ನೂ ನೋಡಬೇಕು. ಜಂಬಿಟ್ಟಿಗೆ ನೆಲದ ರಂಧ್ರಗಳಲ್ಲಿ ಕೊಳಚೆ ಸೋಸಿಕೊಳ್ಳುವ ಮೊದಲೇ ದೂರ ಓಡಿಬಿಡುತ್ತದೆ.

ಈ ಸೀಮೆಗೇ ವಿಶಿಷ್ಟವಾದ ಇನ್ನೊಂದು ತ್ಯಾಜ್ಯ ಅಡಿಕೆಯ ಚೊಗರು. ಸುಗ್ಗಿಯಲ್ಲಿ ಹಂಡೆಯೊಳಗೆ ಹಸಿ ಅಡಿಕೆ ಬೆಂದಂತೆ ನೀರು ಕೆಂಪಗೆ ಮಂದವಾಗುತ್ತದೆ. ಅಡಿಕೆಗೆ ಬಣ್ಣ ಕಟ್ಟಲು ಬಳಸಿ ಮಿಕ್ಕಿದ್ದನ್ನು ಹಳ್ಳಕ್ಕೆ ಚೆಲ್ಲಿದರೆ, ಅದರ ಸಾವಯವ ಅಂಶ ಕೊಳೆಯುತ್ತಾ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ಹೆಗ್ಗೋಡಿನ ಚರಕ ಸಂಸ್ಥೆ ಕೈಮಗ್ಗದ ಬಟ್ಟೆಗೆ ಇದೇ ಚೊಗರಿನ ಬಣ್ಣ ಹಾಕುತ್ತದೆ. ಚೊಗರನ್ನು ಶುದ್ಧೀಕರಿಸುವುದಕ್ಕಿಂತ ಸಂಗ್ರಹಿಸಿ ಮಾರುವುದೇ ಜಾಣತನ.

ಶೌಚದ ನೀರಿಗೆ ಅವಳಿ ಗುಂಡಿ ತಕ್ಕದ್ದು. ಒಂದು ತುಂಬಿದಾಗ ಮುಚ್ಚಿಟ್ಟರೆ ಎರಡು ವರ್ಷದಲ್ಲಿ ಗೊಬ್ಬರವಾಗುತ್ತದೆ. ತೋಟದ ದಾರಿಯಲ್ಲಿ ಸಕ್ಕಿಂಗ್ ಯಂತ್ರ ಬರುವುದು ಕಷ್ಟ. ಮನುಷ್ಯರನ್ನು ಮಲಗುಂಡಿಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಅಂತರ್ಜಲ ಮೇಲಿರುವಲ್ಲಿ ಗುಂಡಿಯ ರಿಂಗುಗಳನ್ನು ನೆಲದಿಂದ ಮೇಲಕ್ಕೆ ಎತ್ತಿ ಸುತ್ತ ಮಣ್ಣು ಏರಿಸಬೇಕು.

ಸಿಗಂದೂರಿನಂಥ ಯಾತ್ರಾಸ್ಥಳದ ಮಾತು ಬೇರೆ. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ, ಹಿನ್ನೀರು ದಾಟಿಸುತ್ತಿದ್ದ ಲಾಂಚು ಬರುವವರ ಸಂಖ್ಯೆಗೆ ಒಡ್ಡುತ್ತಿದ್ದ ಮಿತಿ ಹೋಗಿದೆ. ಅಲ್ಲಿಗೆ ಸಾಮೂಹಿಕ ಘಟಕವೇ ಬೇಕು. 2015ರಲ್ಲಿ ದೇವನಹಳ್ಳಿಯಲ್ಲಿ ಶುರುವಾದ ಮಲತ್ಯಾಜ್ಯ ಸಂಸ್ಕರಣಾ ಘಟಕದ ಅನುಭವ ರಾಜ್ಯದೊಳಗೇ ಇದೆ.

ಗ್ರಾಮ ಪಂಚಾಯಿತಿಗಳು ಕ್ರಿಯಾಯೋಜನೆ ಬರೆಯುವ ಮೊದಲು ಬಾವಿಗಳ ನೀರಿನ ಮಟ್ಟವನ್ನು ಆಗಸ್ಟಿನಲ್ಲಿ ಅಳೆಯಲಿ. ಬೇಸಿಗೆಯ ಅಳತೆ ನೆಚ್ಚಿ ಇಂಗುಗುಂಡಿಗೆ ಮಂಜೂರಾತಿ ಕೊಡುವುದು ನಿಲ್ಲಬೇಕು.